ಉಪವಾಸಕ್ಕೆ ಕೂರುವ ಮೊದಲು ಗಂಜಿಗೆ ಅಕ್ಕಿ ತೆಗೆದಿಡಿ

ಎರಡು ವರ್ಷದ ಹಿಂದೆ ನಾಲ್ಕು ದಿನ ಬರೀ ನೀರು ಕುಡಿದುಕೊಂಡು ಇದ್ದೆ. ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡಿ ತಲೆಗೆ ಹತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಣಗಲು ಹಾಕಿದ ಅಡಿಕೆ ಮಗುಚುತ್ತಿದ್ದೆ. ಸಟ್ಟನೆ ಎದ್ದೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಕೆನ್ನೆಗೆ ಅಡಿಕೆ ಸಿಪ್ಪೆಯ ನಾರು ಅಂಟಿತ್ತು. ಅಮ್ಮ ತಲೆ ಹತ್ತಿರ ಕೂತು "ಎಂತ ಮಗಾ ಇದು, ಏಕಾದಶಿಯೂ ಅಲ್ಲ, ಶಿವರಾತ್ರಿಯೂ ಅಲ್ಲ" ಅಂತ ಬೈಯುತ್ತಿದ್ದರು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಐದನೇ ದಿನ ನೆರೆಮನೆಯಲ್ಲಿ ಗೃಹಪ್ರವೇಶ. ಎಲೆಯ ಮುಂದೆ ಕೂತವನು ನಾಲ್ಕು ಹೋಳಿಗೆ, ಎರಡು ಸಲ ಪಾಯಸ, ಅನ್ನ ಎಷ್ಟು ಸಲ ಅಂತ ಲೆಕ್ಕ ಇಲ್ಲ. ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ. ಎರಡು ದಿನದಲ್ಲಿ ಪಾದ ಊದಿ ಚಪ್ಪಲಿಯೇ ಹಿಡಿಯಲಿಲ್ಲ, ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಇಳಿದಿದ್ದ ನಾಲ್ಕು ಕಿಲೋದಲ್ಲಿ ಮೂರು ವಾಪಸ್ ಬಂದಿತ್ತು. ಡಾಕ್ಟರಿಗೆ ತೋರಿಸಿದರೆ ಅವರು ಹೇಳಿದ್ದು ಎರಡೇ ಮಾತು: "ಬಿದ್ದದ್ದು ಉಪ್ಪು ಬಿಟ್ಟದ್ದಕ್ಕೆ, ಊದಿದ್ದು ಒಮ್ಮೆಲೇ ತಿಂದದ್ದಕ್ಕೆ."

ಆಮೇಲೆ ನಾನು ಓದಿದ್ದು, ಕೇಳಿದ್ದು, ನನ್ನ ಮೇಲೆಯೇ ಮಾಡಿ ನೋಡಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳುತ್ತೇನೆ, ಒಂದು ದಿನಕ್ಕಿಂತ ಜಾಸ್ತಿ ಉಪವಾಸ ಮಾಡುವುದಾದರೆ ಡಾಕ್ಟರಿಗೆ ಹೇಳಿಯೇ ಮಾಡಿ. ನಾನೀಗ ಒಂದು ದಿನ ದಾಟುವುದಿಲ್ಲ.

ಯಾರು ಮಾಡಲೇಬಾರದು ಅನ್ನುವುದನ್ನು ವಿಡಿಯೋದವರು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬಸುರಿಯರು, ಮೊಲೆಯೂಡುವ ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ಸೊರಗಿದ ಹಿರಿಯರು, ಕಿಡ್ನಿ ತೊಂದರೆ ಇರುವವರು, ಊಟ ಬಿಡುವ ಗೀಳಿಗೆ ಬಿದ್ದು ಒಮ್ಮೆ ಎದ್ದು ಬಂದವರು, ಇವರಿಗೆ ಇದು ಬೇಡ. ಶುಗರ್ ಇರುವವರು ತಮ್ಮ ಮಾತ್ರೆಯ ಹೆಸರು ತಿಳಿದುಕೊಳ್ಳದೆ ಮುಂದೆ ಹೋಗಬೇಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆ ಮತ್ತು ಇನ್ಸುಲಿನ್, ನೀವು ಉಂಡಿದ್ದೀರೋ ಇಲ್ಲವೋ ಅಂತ ಕೇಳುವುದಿಲ್ಲ. ಸಕ್ಕರೆ ಇಳಿಸುತ್ತಲೇ ಇರುತ್ತವೆ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಹೋದರೆ ಕೈ ನಡುಕ, ತಣ್ಣಗಿನ ಬೆವರು, ಮಾತು ಹಿಂದುಮುಂದು. ಆಗ ವ್ರತ ಮುರಿಯಿತಲ್ಲ ಅಂತ ಯೋಚಿಸುತ್ತಾ ಕೂರಬಾರದು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಇನ್ನೊಂದು ಜಾತಿಯ ಮಾತ್ರೆ ಇದೆ. ಅದನ್ನು ನುಂಗುವವರು ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಬರಬಹುದು, ಮೋಸ ಏನೆಂದರೆ ಮೀಟರಿನಲ್ಲಿ ಸಕ್ಕರೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ.

ನಮ್ಮ ಕಾಸರಗೋಡಿನ ಇನ್ನೊಂದು ಫಜೀತಿ ಗೊತ್ತಲ್ಲ, ಚೀಟಿ ಇಂಗ್ಲಿಷಿನಲ್ಲಿ, ಸೂಚನೆ ಮಲಯಾಳದಲ್ಲಿ, ಮನೆಯ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ "ಬಿಳಿ ಮಾತ್ರೆ, ಅರ್ಧ ಹಳದಿ ಮಾತ್ರೆ" ಅಂತಲೇ ನಡೆಯುತ್ತದೆ. ಒಂದು ದಿನ ಕೂತು ಮಾತ್ರೆ ಹೆಸರನ್ನು ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿಬಿಡಿ. ಉಪವಾಸದ ದಿನ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದು ಬೇಡ ಅಂತ ಡಾಕ್ಟರ ಹತ್ತಿರ ಕೇಳಿ ಅದರ ಪಕ್ಕದಲ್ಲೇ ಬರೆಯಿರಿ. ಮೂತ್ರ ಜಾಸ್ತಿ ಹೋಗಿಸುವ ಬಿಪಿ ಮಾತ್ರೆ ಇದ್ದರಂತೂ ಕೇಳಲೇಬೇಕು. ಫಿಟ್ಸ್ ಮಾತ್ರೆಯನ್ನು ಯಾವ ವ್ರತಕ್ಕೂ ತಪ್ಪಿಸಬೇಡಿ. ಗೌಟ್ ಅನ್ನುವ ಕೀಲುನೋವು ಇದ್ದವರಿಗೆ ಉಪವಾಸದಲ್ಲಿ ಯೂರಿಕ್ ಆಸಿಡ್ ಏರುತ್ತದೆ, ಕಾಲ ಹೆಬ್ಬೆರಳು ಮತ್ತೆ ಉರಿಯಲು ಶುರುವಾದರೆ ಆಶ್ಚರ್ಯ ಇಲ್ಲ.

ಇನ್ನು ಒಳಗೆ ಏನಾಗುತ್ತದೆ ನೋಡೋಣ. ಉಂಡ ಅನ್ನ ನಾಲ್ಕಾರು ಗಂಟೆ ನಡೆಸುತ್ತದೆ. ಆಮೇಲೆ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ಇರುವುದೇ ಸುಮಾರು 100 ಗ್ರಾಂ. ಮೆದುಳಿಗೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆ ಬೇಕು. ಲೆಕ್ಕ ನೀವೇ ಹಾಕಿ, ಒಂದು ದಿನದೊಳಗೆ ಅಟ್ಟ ಖಾಲಿ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚು ದಾಸ್ತಾನು ಇದೆ, ಆದರೆ ಸ್ನಾಯು ಅದನ್ನು ತನಗೆ ಮಾತ್ರ ಬಳಸಿಕೊಳ್ಳುತ್ತದೆ, ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ಆಗ ದೇಹ ಎರಡು ದಾರಿ ಹಿಡಿಯುತ್ತದೆ. ಒಂದು, ಸ್ನಾಯುವಿನ ಪ್ರೋಟೀನನ್ನೇ ಒಡೆದು ಯಕೃತ್ತಿನಲ್ಲಿ ಸಕ್ಕರೆ ಮಾಡುವುದು. ಇನ್ನೊಂದು, ಕೊಬ್ಬು ಕರಗಿಸಿ ಕೀಟೋನ್ ಅನ್ನುವ, ಸಕ್ಕರೆಯ ಬದಲಿಗೆ ಉರಿಸಬಲ್ಲ ಇಂಧನ ಮಾಡುವುದು. ಎರಡು ಮೂರು ದಿನಕ್ಕೆ ಕೀಟೋನ್ ಏರುತ್ತಾ ಹೋಗುತ್ತದೆ, ವಾರಗಟ್ಟಲೆ ಉಪವಾಸವಿದ್ದರೆ ಮೆದುಳಿನ ಮೂರನೇ ಎರಡು ಭಾಗದಷ್ಟು ಕೆಲಸ ಅದರಲ್ಲೇ ನಡೆಯುತ್ತದೆ. ಬಾಯಲ್ಲಿ ಹಣ್ಣು ಕೊಳೆತ ಹಾಗಿನ ವಾಸನೆ ಬರುವುದು ಇದಕ್ಕೇ, ಎಷ್ಟು ಹಲ್ಲುಜ್ಜಿದರೂ ಹೋಗುವುದಿಲ್ಲ. ಹಸಿವು ಮೊದಲ ಎರಡು ದಿನ ಅಲೆಯ ಹಾಗೆ ಬಂದು ಹೋಗುತ್ತದೆ, ಮತ್ತೆ ಕಡಿಮೆಯಾಗುತ್ತದೆ. ನಾನು ಮೋಸ ಹೋದದ್ದು ಇಲ್ಲೇ. ಹಸಿವಿಲ್ಲ, ಹಾಗಾದರೆ ಎಲ್ಲ ಸರಿ ಇದೆ ಅಂದುಕೊಂಡೆ.

ಅದೇ ಹೊತ್ತಿಗೆ ಕಾಣದ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಉಣ್ಣದಿದ್ದರೆ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದು ಬಿಟ್ಟು ಮೂತ್ರದಲ್ಲಿ ಕಳಿಸುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಗ್ಲೈಕೋಜನ್ ಕೂಡ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಕಟ್ಟಿಕೊಂಡಿರುತ್ತದೆ, ಅದೂ ಬಿಡುಗಡೆ. ಮೊದಲ ಎರಡು ದಿನದಲ್ಲಿ ತೂಕ ಸರ್ರನೆ ಇಳಿಯುವ ಗುಟ್ಟು ಇದು. ಅದು ಕೊಬ್ಬಲ್ಲ, ನೀರು. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 2,000 ಖರ್ಚು ಮಾಡುವವನು ಪೂರ್ತಿ ಉಪವಾಸವಿದ್ದರೂ, ಎಲ್ಲವೂ ಕೊಬ್ಬಿನಿಂದಲೇ ಹೋಯಿತು ಅಂತಿಟ್ಟುಕೊಂಡರೂ, ಕರಗುವುದು ಕಾಲು ಕಿಲೋ. ನನ್ನ ನಾಲ್ಕು ಕಿಲೋದಲ್ಲಿ ಕೊಬ್ಬು ಒಂದು ಕಿಲೋ ಇದ್ದರೆ ಹೆಚ್ಚು. ಮೂರು ಕಿಲೋ ಹೋಳಿಗೆಯ ಜತೆಗೆ ಮನೆಗೆ ವಾಪಸ್ ಬಂತು.

"ಆಟೋಫೇಜಿ" ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಅವರು ಜೀವಕೋಶ ತನ್ನ ಕಸವನ್ನು ತಾನೇ ಒಡೆದು ಮತ್ತೆ ಬಳಸುವುದು ಹೇಗೆ ಅಂತ ಕಂಡುಹಿಡಿದದ್ದು ಯೀಸ್ಟಿನಲ್ಲಿ. ಅದನ್ನು ಹಿಡಿದುಕೊಂಡು "36ನೇ ಗಂಟೆಗೆ ನಿಮ್ಮ ದೇಹ ಕ್ಲೀನ್" ಅನ್ನುವವರನ್ನು ನಂಬಬೇಡಿ. 382 ದಿನ ಉಣ್ಣದೆ ಇದ್ದ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ ಕಥೆಯನ್ನೂ ಹೇಳುತ್ತಾರೆ. 1965-66ರಲ್ಲಿ ನಡೆದದ್ದು, ಸುಳ್ಳಲ್ಲ. ಆದರೆ ಅವರು ಶುರು ಮಾಡುವಾಗ 207 ಕಿಲೋ ಇದ್ದರು, ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡುತ್ತಾ ವಿಟಮಿನ್, ಪೊಟ್ಯಾಶಿಯಂ ಎಲ್ಲ ಕೊಡುತ್ತಿದ್ದರು. 68 ಕಿಲೋದ ನನಗೂ ಅವರಿಗೂ ಎಲ್ಲಿಂದೆಲ್ಲಿ ಸಂಬಂಧ? ನಮ್ಮ ಅನಂತಪುರದ ಕೆರೆಯ ಬಬಿಯಾ ನೆನಪಿದೆಯಲ್ಲ, 2022ರಲ್ಲಿ ತೀರಿಕೊಂಡ ಮೊಸಳೆ. ಮೊಸಳೆಗಳು ತಿಂಗಳುಗಟ್ಟಲೆ ತಿನ್ನದೆ ಇರಬಲ್ಲವು, ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಅವುಗಳಿಗಿಲ್ಲ. ನಮಗೆ ಸುಮ್ನೆ ಕೂತರೂ ಒಲೆ ಉರಿಯುತ್ತಲೇ ಇರಬೇಕು.

ಇಷ್ಟು ಗೊತ್ತಿದ್ದೂ ಮಾಡಬೇಕು ಅನಿಸಿದರೆ ತಯಾರಿ ವಾರದ ಮೊದಲೇ ಶುರುವಾಗಲಿ. ಕಾಫಿ, ಚಹಾ ದಿನಕ್ಕೊಂದು ಲೋಟದಂತೆ ಇಳಿಸುತ್ತಾ ಬನ್ನಿ. ಉಪವಾಸದ ಮೊದಲ ದಿನ ಮಧ್ಯಾಹ್ನ ಬರುವ ತಲೆನೋವು ಎಷ್ಟೋ ಸಲ ಹಸಿವಿನದ್ದಲ್ಲ, ಕಾಫಿ ತಪ್ಪಿದ್ದರದ್ದು. ಆ ತಲೆನೋವಿಗೆ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುವುದು ಹೊಟ್ಟೆಹುಣ್ಣಿಗೆ ಆಹ್ವಾನ ಕೊಟ್ಟ ಹಾಗೆ. ಮೊದಲ ಸಲವೇ ಇಡೀ ದಿನ ಬೇಡ. ರಾತ್ರಿ ಏಳಕ್ಕೆ ಉಂಡು ಬೆಳಿಗ್ಗೆ ಏಳರವರೆಗೆ ಏನೂ ಇಲ್ಲದೆ ಇರುವುದನ್ನು ಅಭ್ಯಾಸ ಮಾಡಿ, ಮತ್ತೆ ಒಪ್ಪೊತ್ತು, ಆಮೇಲೆ ಒಂದು ದಿನ. ಪಗ್ಗು ತಿಂಗಳ (ಏಪ್ರಿಲ್-ಮೇ) ಸೆಕೆಯಲ್ಲಿ, ಅಡಿಕೆ ಕೊಯ್ಲಿನ ದಿನಗಳಲ್ಲಿ, ಮಂಗಳೂರಿಗೆ ಬೈಕಿನಲ್ಲಿ ಹೋಗಬೇಕಾದ ದಿನ ಬೇಡವೇ ಬೇಡ. ಮರುದಿನ ಯಾರ ಮನೆಯಲ್ಲಾದರೂ ಊಟಕ್ಕೆ ಹೇಳಿಕೆ ಇದೆಯಾ ಅಂತಲೂ ಕ್ಯಾಲೆಂಡರ್ ನೋಡಿ. ನಗಬೇಡಿ, ಇದು ಅನುಭವದ ಮಾತು.

ಉಪವಾಸದ ದಿನ ನೀರು ಬಾಯಾರಿದಷ್ಟು ಕುಡಿಯಿರಿ, ಅದಕ್ಕಿಂತ ಸ್ವಲ್ಪ ಜಾಸ್ತಿಯೂ ಆಗಬಹುದು. ಆದರೆ "ಹೊಟ್ಟೆ ತುಂಬಲಿ" ಅಂತ ಆರೇಳು ಲೀಟರ್ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆ ಮಂಕಾಗುತ್ತದೆ, ಹೆಚ್ಚಾದರೆ ಫಿಟ್ಸೂ ಬರಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇಲ್ಲದವರು ಒಂದು ಚಿಟಿಕೆ ಉಪ್ಪು ಹಾಕಿ ಲಿಂಬೆ ಹಿಂಡಿದ ನೀರನ್ನು ದಿನಕ್ಕೆ ಎರಡು ಮೂರು ಸಲ ಕುಡಿದರೆ ನನ್ನ ಹಾಗೆ ಅಂಗಳದಲ್ಲಿ ಬೀಳುವ ಸಂಭವ ಕಡಿಮೆ. ಸೀಯಾಳ ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಉಪ್ಪಿನ ಜಾಗವನ್ನು ಅದು ತುಂಬುವುದಿಲ್ಲ, ಕಿಡ್ನಿ ಸರಿ ಇಲ್ಲದವರಿಗೆ ಅಪಾಯವೂ ಹೌದು. ಸಕ್ಕರೆಯೂ ಇರುತ್ತದೆ, "ಬರೀ ನೀರಿನ ಉಪವಾಸ" ಅಂತ ಹಟ ಹಿಡಿದವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ, ನನ್ನನ್ನು ಕೇಳಿದರೆ ಆ ಹಟವೇ ಬೇಡ. ನೀರೂ ಇಲ್ಲದ ನಿರ್ಜಲ ಉಪವಾಸ ನಮ್ಮ ಹಿರಿಯರು ಮಾಡುತ್ತಿದ್ದರು, ನಿಜ. ಹನ್ನೆರಡು ಹದಿಮೂರು ಗಂಟೆ ನೋಂಬು ಹಿಡಿಯುವ ನೆರೆಯವರೂ ಮಾಡುತ್ತಾರೆ. ಆದರೆ ಅವರು ಸಂಜೆ ಬಾಂಗು ಕೇಳಿದ ಕೂಡಲೇ ನೀರು ಮುಟ್ಟುತ್ತಾರೆ. ಅದನ್ನು ಎರಡು ಮೂರು ದಿನಕ್ಕೆ ಎಳೆಯುವುದು ಮೂರ್ಖತನ.

ಏಳುವಾಗ ಎರಡು ಹಂತದಲ್ಲಿ ಏಳಿ. ಮಲಗಿದಲ್ಲಿಂದ ಮೊದಲು ಕೂತುಕೊಳ್ಳಿ, ಒಂದು ನಿಮಿಷ ಕಾಲು ಆಡಿಸಿ, ಆಮೇಲೆ ನಿಲ್ಲಿ. ಬಚ್ಚಲುಮನೆಯಲ್ಲಿ ಬಿಸಿಬಿಸಿ ನೀರು ಹೊಯ್ದುಕೊಳ್ಳುವಾಗ ಬಾಗಿಲಿಗೆ ಚಿಲಕ ಹಾಕಬೇಡಿ. ಅಡಿಕೆ ಮರ, ಏಣಿ, ಕೆರೆದಂಡೆ ಎಲ್ಲ ಆ ದಿನಕ್ಕೆ ದೂರ. ಚಳಿ ಎನಿಸುವುದು, ಬಾಯಿ ವಾಸನೆ, ಸಿಡುಕು, ಬಚ್ಚಿದ ಹಾಗೆ ಆಗುವುದು, ಇವೆಲ್ಲ ಬರುವಂಥವೇ. ಎದೆ ಡವಡವ ಎಂದು ತಾಳ ತಪ್ಪುವುದು, ನಿಲ್ಲದ ವಾಂತಿ, ಮೂತ್ರ ಕಟ್ಟಿದ ಹಾಗಾಗುವುದು, ಮಾತು ತೊದಲುವುದು, ಒಮ್ಮೆ ಎಚ್ಚರ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ಉಪವಾಸ ಮುಗಿಯಿತು, ಡಾಕ್ಟರನ್ನು ನೋಡಬೇಕು. ನಾನು ಬಿದ್ದ ಮೇಲೂ ಮತ್ತೊಂದು ದಿನ ಮುಂದುವರಿಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಬಿಡುವ ಕ್ರಮ. ವಿಡಿಯೋದವರಿಗೆ ಇದರಲ್ಲಿ ರುಚಿ ಇಲ್ಲ, ನಮ್ಮ ಅಜ್ಜಿಯರಿಗೆ ಇದೇ ಮುಖ್ಯವಾಗಿತ್ತು. ಏಕಾದಶಿ ಅಂದರೆ ಅರ್ಧ ಮಾತು, ದ್ವಾದಶಿಯ ಪಾರಣೆ ಸೇರಿದರೇ ವ್ರತ ಪೂರ್ತಿ. ರಂಜಾನ್ ತಿಂಗಳಲ್ಲಿ ಪಳ್ಳಿಯಲ್ಲಿ ಖರ್ಜೂರ, ನೀರು ಆದ ಮೇಲೆ ಜೀರಿಗೆ ಗಂಜಿ ಕೊಡುತ್ತಾರೆ. ಆಟಿ ಅಮಾವಾಸ್ಯೆಗೆ ಬರಿಹೊಟ್ಟೆಗೆ ಹಾಲೆ ಮರದ ಕಷಾಯ ಕುಡಿಸಿ ಹಿಂದೆಯೇ ಮೆಂತೆ ಗಂಜಿ ಕೊಡುವುದು ತುಳುವರ ಮನೆಯಲ್ಲೂ ಉಂಟು, ನಮ್ಮಲ್ಲೂ ಉಂಟು. ಸೋತ ಹೊಟ್ಟೆಗೆ ಗಂಜಿ ಅನ್ನುವುದು ಈ ನೆಲದಲ್ಲಿ ಜಾತಿ ಮತ ನೋಡದೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಯಾಕೆ ಅಂತ ಕೇಳಿದರೆ ಇಷ್ಟು. ದಿನಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೇ ಅನ್ನ, ಸಿಹಿ ಸುರಿದರೆ ಇನ್ಸುಲಿನ್ ದಿಢೀರ್ ಏರುತ್ತದೆ. ಅದರ ಬೆನ್ನಿಗೆ ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಜೀವಕೋಶಗಳ ಒಳಕ್ಕೆ ನುಗ್ಗುತ್ತವೆ, ರಕ್ತದಲ್ಲಿ ಕೊರತೆ ಬೀಳುತ್ತದೆ. ಹೃದಯದ ಬಡಿತ ಹದ ತಪ್ಪಬಹುದು, ಉಸಿರಾಟ ಸೋಲಬಹುದು. ಕಿಡ್ನಿ ಈಗ ಉಪ್ಪು ನೀರನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾಲು ಊದುತ್ತದೆ. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡಿಸಿಕೊಂಡು ಬಂದ ಹಸಿದ ಜನ ಊಟ ಸಿಕ್ಕಿದ ಮೇಲೆ ಕುಸಿದು ಸತ್ತದ್ದನ್ನು ವೈದ್ಯರು ಕಂಡರು, ಆಗಲೇ ಇದು ಬೆಳಕಿಗೆ ಬಂದದ್ದು. ನನಗೆ ಆದದ್ದು ಅದರ ಅಂಚಿನ ಸಣ್ಣ ತುಣುಕು ಅಷ್ಟೇ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ ಇದ್ದವರನ್ನು ಆಸ್ಪತ್ರೆಯಲ್ಲಿ ಅಪಾಯದ ಪಟ್ಟಿಗೆ ಸೇರಿಸುತ್ತಾರೆ, ಮೊದಲೆರಡು ದಿನ ಬೇಕಾದ ಊಟದ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ. ಅಂಥವರು ಮನೆಯಲ್ಲಿ ಗಂಜಿ ಕುಡಿದು ನೋಡೋಣ ಅನ್ನಬಾರದು, ರಕ್ತ ಪರೀಕ್ಷೆ ಆಗಲೇಬೇಕು. 1943ರಲ್ಲಿ ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ 21 ದಿನ ಉಪವಾಸ ಮಾಡಿದಾಗ ನೀರಿಗೆ ಸ್ವಲ್ಪ ಮೂಸಂಬಿ ರಸ ಸೇರಿಸಿಕೊಳ್ಳುತ್ತಿದ್ದರು, ಸುತ್ತ ವೈದ್ಯರಿದ್ದರು. ಹೋಳಿಗೆಯಿಂದಂತೂ ಮುಗಿಸಲಿಲ್ಲ.

ಒಂದು ದಿನದ ಉಪವಾಸಕ್ಕೆ ಇಷ್ಟೆಲ್ಲ ಹೆದರಿಕೆ ಬೇಡ. ಆದರೂ ನಮ್ಮ ಮನೆಯಲ್ಲಿ ಈಗ ಹೀಗೆ ಮಾಡುತ್ತೇವೆ. ಹಿಂದಿನ ರಾತ್ರಿಯೇ ಒಂದು ಹಿಡಿ ಕುಚ್ಚಿಲಕ್ಕಿ ತೊಳೆದು ನೆನೆಹಾಕುವುದು. ಬೆಳ್ತಿಗೆ ಬೇಡ, ಕುಚ್ಚಿಲೇ ಆಗಬೇಕು. ಭತ್ತವನ್ನು ಬೇಯಿಸಿ ಕುಟ್ಟುವುದರಿಂದ ಹೊಟ್ಟಿನಲ್ಲಿದ್ದ ಬಿ1 ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಹೊಟ್ಟಿನ ಜತೆ ಹೋಗಿಬಿಡುತ್ತದೆ. ಉಪವಾಸ ಮುಗಿಸಿ ಪಿಷ್ಟ ತಿನ್ನುವಾಗ ದೇಹಕ್ಕೆ ಬೇಕಾಗುವುದು ಇದೇ ಬಿ1. ಬೆಳಿಗ್ಗೆ ಅಕ್ಕಿಯ ಹತ್ತು ಪಾಲು ನೀರಿಟ್ಟು ಕಾಳು ಒಡೆದು ಅರಳುವವರೆಗೆ ಬೇಯಿಸಿ. ಮೇಲಿನ ತಿಳಿಯನ್ನು ಬಗ್ಗಿಸಿ, ಎರಡು ಕಲ್ಲುಪ್ಪು ಹಾಕಿ, ಅರ್ಧ ಲೋಟ, ಕಾಲು ಗಂಟೆ ಹಿಡಿದು ಗುಟುಕು ಗುಟುಕಾಗಿ. ಚಪ್ಪೆ ಅನಿಸಬಹುದು ಅಂದುಕೊಂಡಿರುತ್ತೀರಿ. ಇಲ್ಲ, ಒಂದು ದಿನ ಖಾಲಿ ಇದ್ದ ನಾಲಿಗೆಗೆ ಅಕ್ಕಿಯೇ ಸಿಹಿ. ಒಂದು ಗಂಟೆ ಬಿಟ್ಟು ಇನ್ನರ್ಧ ಲೋಟ. ಮಧ್ಯಾಹ್ನ ಗಂಜಿಯನ್ನು ಸ್ವಲ್ಪ ಕಿವುಚಿ, ಬೆಂದ ಹೆಸರುಬೇಳೆ ಎರಡು ಸೌಟು, ಪಕ್ಕಕ್ಕೆ ಒಂದೆಲಗದ ತಂಬುಳಿ. ಉಪ್ಪಿನಕಾಯಿ, ಹಸಿಮೆಣಸು, ಹಪ್ಪಳ ಆ ಹೊತ್ತಿಗೆ ಬೇಡ. ರಾತ್ರಿ ಮಾಮೂಲಿ ಊಟದ ಅರ್ಧ. ಎರಡು ಮೂರು ದಿನ ಉಪವಾಸವಿದ್ದವರು ಇದೇ ಕ್ರಮವನ್ನು ಎರಡು ದಿನಕ್ಕೆ ಹರಡಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದಾರು ಸಲ. ಗಂಜಿಯೂ ಪಿಷ್ಟವೇ ಅನ್ನುವುದು ನೆನಪಿರಲಿ. ದೊಡ್ಡ ತಟ್ಟೆಯಲ್ಲಿ ಗಂಜಿ ಸುರಿದುಕೊಂಡರೆ ಹೋಳಿಗೆ ತಿಂದದ್ದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಬೇಳೆ, ಮಜ್ಜಿಗೆ, ಹಾಲು ಜತೆಗಿದ್ದರೆ ಫಾಸ್ಫೇಟೂ ಬರುತ್ತದೆ.

ಪೂರ್ತಿ ಉಪವಾಸ ಅಲ್ಲ, ಅದು ಬಿಡುತ್ತೇನೆ ಇದು ಬಿಡುತ್ತೇನೆ ಅನ್ನುವ ಪಥ್ಯದವರಿಗೂ ಒಂದೆರಡು ಮಾತು. ನಮ್ಮ ಫಲಾಹಾರ ಅನ್ನುವುದು ದೊಡ್ಡ ತಮಾಷೆ. ಅನ್ನ ಬಿಟ್ಟೆವು ಅಂತ ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಸಾಬಕ್ಕಿ ಪಾಯಸ, ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ. ಆ ದಿನ ಹೊಟ್ಟೆಗೆ ಹೋಗುವುದು ಮಾಮೂಲಿ ಊಟಕ್ಕಿಂತ ಜಾಸ್ತಿ, ಅಲ್ವಾ? ಸಾಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. ಶುಗರಿನವರು ಇದನ್ನು "ವ್ರತ" ಅಂತ ಮಾಡಿ ಸಂಜೆ ಮೀಟರ್ ನೋಡಿ ಗಾಬರಿಯಾಗುತ್ತಾರೆ. ಕೀಟೋ, ಅಂದರೆ ಪಿಷ್ಟ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಪಥ್ಯ, ಮಾಡುವವರು ಅನ್ನ ಬಿಟ್ಟು ತೆಂಗಿನೆಣ್ಣೆ ಚಮಚದಲ್ಲಿ ಕುಡಿಯುವುದನ್ನೂ ಕಂಡಿದ್ದೇನೆ. ಮೊದಲು ಆ ಪಥ್ಯ ಹುಟ್ಟಿದ್ದು 1920ರ ದಶಕದಲ್ಲಿ, ಫಿಟ್ಸ್ ರೋಗಿಗಳಿಗಾಗಿ, ತೂಕ ಇಳಿಸಲಿಕ್ಕಲ್ಲ. ತೆಂಗಿನೆಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಪಲ್ಯದ ಒಗ್ಗರಣೆಗೆ ಹಾಕುವುದು ಬೇರೆ, ಕುಡಿಯುವುದು ಬೇರೆ. ಮೂರು ತಿಂಗಳಿಗೊಮ್ಮೆ ಕೊಲೆಸ್ಟ್ರಾಲ್ ನೋಡಿಸಿ.

ಶಬರಿಮಲೆಗೆ ಮಾಲೆ ಹಾಕಿದವರ 41 ದಿನದ ಒಪ್ಪೊತ್ತು ನನಗೆ ಇವೆಲ್ಲಕ್ಕಿಂತ ಮೇಲು ಅನಿಸುತ್ತದೆ. ಊಟ ಕಡಿಮೆಯಾದರೂ ನಿಲ್ಲುವುದಿಲ್ಲ, ಕುಡಿತ ಸಿಗರೇಟು ಬಂದ್ ಆಗುತ್ತದೆ. ಒಂದೇ ಹೊತ್ತಿನ ಆ ಊಟದಲ್ಲಿ ಬೇಳೆ, ಕಡಲೆ, ಮೊಸರು ಇದೆಯೋ ನೋಡಿಕೊಳ್ಳಿ, ಬರೀ ಅನ್ನ ಸಾರಿನಲ್ಲಿ 41 ದಿನ ಕಳೆದರೆ ಕೈಕಾಲಿನ ಸ್ನಾಯು ಕರಗುತ್ತದೆ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ 1944-45ರಲ್ಲೇ ನೋಡಿದ್ದಾರೆ. ಮಿನ್ನೆಸೊಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ತೂಕ ಕಾಲು ಭಾಗ ಇಳಿಯಿತು, ಹೃದಯದ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ, ಕಾಲು ಊತ. ಹಗಲಿಡೀ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ.

ಇನ್ನು ಕೂದಲು. ಜೋರು ಪಥ್ಯ ಮಾಡಿದರೆ ಆಗಲೇ ಉದುರುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಬಾಚಣಿಗೆಯಲ್ಲಿ ಕಂತೆಯಾಗಿ ಬರುತ್ತದೆ, ಆಗ ನಾವು ಶಾಂಪೂ ಬದಲಾಯಿಸುತ್ತೇವೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಹಾಲು ಮೊಸರನ್ನೂ ಬಿಟ್ಟ ಪೂರ್ತಿ ಸಸ್ಯಾಹಾರಿಗಳಿಗೆ ಬಿ12 ಎಲ್ಲಿಂದಲೂ ಬರುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಎರಡು ಮೂರು ವರ್ಷ ನಡೆಸುವುದರಿಂದ ಗೊತ್ತೇ ಆಗುವುದಿಲ್ಲ. ಪಾದ ಜೋಮು ಹಿಡಿದು, ಕತ್ತಲಲ್ಲಿ ನಡೆಯುವಾಗ ಹೆಜ್ಜೆ ತಪ್ಪಲು ಶುರುವಾದ ಮೇಲೆ ಗೊತ್ತಾಗುವುದು. ಅಂಥ ಪಥ್ಯದಲ್ಲಿ ಇದ್ದರೆ ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಡಾಕ್ಟರು ಹೇಳುತ್ತಾರೆ.

ಮೊನ್ನೆ ಏಕಾದಶಿಗೆ ನಾನೂ ಅಮ್ಮನೂ ಒಟ್ಟಿಗೆ ಇದ್ದೆವು. ಅಮ್ಮ ಸಂಜೆಯೇ ಅಕ್ಕಿ ನೆನೆಹಾಕಿ, ಪಾತ್ರೆಗೆ ತಟ್ಟೆ ಮುಚ್ಚಿ, ಮೇಲೆ ಉಪ್ಪಿನ ಭರಣಿ ಇಟ್ಟಿದ್ದರು, ನನಗೆ ಕಾಣುವ ಹಾಗೆ.